ಆಲ್ಪ್ಸ್ ಮಡಿಲಿನ ಇನ್ಸ್‌ಬ್ರುಕ್

ನದಿಯ ಹೆಸರು ಊರಿನ ಹೆಸರಿನಲ್ಲಿ ಬೆರೆತಿರುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ನಮ್ಮ ಹಗರಿಬೊಮ್ಮನಹಳ್ಳಿಯು ಹಗರಿಯ ಹೆಸರನ್ನು ಹೊತ್ತಿರುವಂತೆ ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ನಗರವು ಇನ್ ನದಿಯ ಹೆಸರನ್ನು ಹೊತ್ತಿದೆ. 'ಇನ್ ನದಿಯ ಸೇತುವೆ' ಎಂಬುದೇ ಆ ಹೆಸರಿನ ಅರ್ಥ. ಟಿರೋಲ್ ಪ್ರಾಂತದ ರಾಜಧಾನಿ ಇದು.

ಜರ್ಮನಿಯ ಮ್ಯೂನಿಕ್ ನಗರದಿಂದ ಇಟಲಿಗೆ ಕಾರಿನಲ್ಲಿ ಹೊರಟವರಿಗೆ ಮೊದಲು ವಿಶಾಲವಾದ ಬಯಲು ಕಾಣುತ್ತದೆ. ಕ್ರಮೇಣ ಎರಡೂ ಕಡೆ ಪರ್ವತಗಳು ಎದ್ದು ನಿಲ್ಲುತ್ತವೆ; ನಡುವಿನ ಕಣಿವೆಯಲ್ಲಿ ನದಿಯೂ ರಸ್ತೆಯೂ ಜೊತೆಜೊತೆಯಾಗಿ ಸಾಗಿ ನಗರವನ್ನು ತಲುಪುತ್ತವೆ. ನಗರದ ದಕ್ಷಿಣಕ್ಕೆ ಸುಮಾರು 1,370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆದಾರಿ ಇದೆ. ಆಲ್ಪ್ಸ್ ಶ್ರೇಣಿಯನ್ನು ದಾಟಲು ಇರುವ ತಗ್ಗಾದ ಹಾದಿಗಳಲ್ಲಿ ಇದೂ ಒಂದಾದುದರಿಂದ, ರೋಮನರ ಕಾಲದಿಂದಲೂ ವರ್ತಕರು ಮತ್ತು ಸೈನಿಕರು ಇಲ್ಲಿ ಸಂಚರಿಸಿದ್ದಾರೆ. ಈ ಹಾದಿಯೇ ನಗರವನ್ನು ಬೆಳೆಸಿತು. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಇಲ್ಲಿ ಕಟ್ಟಿಸಿದ, 2,657 ತಾಮ್ರದ ಹೆಂಚುಗಳಿಗೆ ಚಿನ್ನದ ಲೇಪವಿರುವ 'ಬಂಗಾರದ ಮಾಡು' ಆ ವೈಭವಕ್ಕೆ ಸಾಕ್ಷಿ.

ಇನ್ಸ್‌ಬ್ರುಕ್ ಬಹಳ ಎತ್ತರದಲ್ಲಿದೆ ಎಂದು ನಾವು ಭಾವಿಸುವುದು ಸಹಜ. ಆದರೆ ಅದು ಸಮುದ್ರಮಟ್ಟದಿಂದ ಕೇವಲ 574 ಮೀಟರ್ ಮೇಲಿದೆ. ನಮ್ಮ ಕೂಡ್ಲಿಗಿಯ ಎತ್ತರಕ್ಕೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಹಾಗಾದರೆ ಅಲ್ಲಿ ಹಿಮ ಬೀಳುವುದೇಕೆ? ನಾವು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಆ ನಗರ 47 ಡಿಗ್ರಿಯಲ್ಲಿದೆ. ಅದನ್ನು ಸುತ್ತುವರಿದಿರುವ ಪರ್ವತಗಳೋ ಎರಡು ಸಾವಿರ ಮೀಟರಿಗೂ ಮಿಕ್ಕಿ ಎತ್ತರವಾದವು.

ಈ ಹಿಮವು ಕೇವಲ ನೋಟದ ವಸ್ತುವಲ್ಲ. ನಮ್ಮ ಕೆರೆಗಳು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಗೆ ಒದಗಿಸುವಂತೆ, ಆ ಪರ್ವತಗಳು ಚಳಿಗಾಲದ ನೀರನ್ನು ಹಿಮರೂಪದಲ್ಲಿ ಕಾಪಿಟ್ಟು ವಸಂತ ಮತ್ತು ಬೇಸಗೆಗಳಲ್ಲಿ ನದಿಗೆ ಬಿಡುತ್ತವೆ. ಆದುದರಿಂದಲೇ ಇನ್ ನದಿಯು ಬೇಸಗೆಯಲ್ಲಿ ತುಂಬಿ ಹರಿಯುತ್ತದೆ.

ಮಳೆ ನಮ್ಮನ್ನು ವಂಚಿಸುವಂತೆ ಹಿಮವೂ ಆ ಜನರನ್ನು ವಂಚಿಸುವುದುಂಟು. 1964ರಲ್ಲಿ ಇಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದವು. ಭಾರತವು ಈ ಕೂಟದಲ್ಲಿ ಮೊದಲ ಬಾರಿಗೆ ಪಾಲ್ಗೊಂಡದ್ದು ಆಗಲೇ. ಆದರೆ ಆ ವರ್ಷ ಸಾಕಷ್ಟು ಹಿಮ ಬೀಳಲಿಲ್ಲ. ಸೈನಿಕರು ಮೇಲಿನ ಪರ್ವತಗಳಿಂದ 20,000 ಮಂಜುಗಡ್ಡೆಯ ಇಟ್ಟಿಗೆಗಳನ್ನೂ 40,000 ಘನ ಮೀಟರ್ ಹಿಮವನ್ನೂ ಸಾಗಿಸಿ ತಂದು ಕ್ರೀಡೆಗಳನ್ನು ನಡೆಸಿಕೊಟ್ಟರು.

ಅಂದಿನ ಕೊರತೆ ಒಂದು ಚಳಿಗಾಲದ್ದು. ಇಂದು ಭೂಮಿಯ ಬಿಸಿ ಏರುತ್ತಿರುವುದರಿಂದ ಟಿರೋಲಿನ ಹಿಮನದಿಗಳೇ ವರ್ಷವರ್ಷವೂ ಕುಗ್ಗುತ್ತಿವೆ. ಕೆಲವೆಡೆ ಬೇಸಗೆಯಲ್ಲಿ ಅವುಗಳ ಮೇಲೆ ಬಿಳಿಯ ಬಟ್ಟೆಯನ್ನು ಹೊದಿಸಿ ಕರಗುವಿಕೆಯನ್ನು ತಡೆಯಲು ಯತ್ನಿಸುತ್ತಾರೆ. ಹೂಳು ತುಂಬಿದ ಕೆರೆಯನ್ನು ಊರವರು ಕೂಡಿ ತೆಗೆಯಬಹುದು. ಕರಗಿಹೋದ ಹಿಮನದಿಯನ್ನು ಒಂದು ಊರು ಮರಳಿ ತರಲಾರದು. ಅದಕ್ಕೆ ಎಲ್ಲ ದೇಶಗಳ ಸಂಯಮವೂ ಸಹಕಾರವೂ ಬೇಕು. ಇನ್ಸ್‌ಬ್ರುಕ್ಕಿಗೆ ಹೋದವರು ಬಂಗಾರದ ಮಾಡನ್ನು ಕಂಡು ಬೆರಗಾಗುತ್ತಾರೆ. ಅದರಾಚೆಗೆ ತಲೆಯೆತ್ತಿ ಶಿಖರಗಳನ್ನು ನೋಡಿದವರಿಗೆ ಆ ನಗರದ ನಿಜವಾದ ಸಿರಿ ಯಾವುದೆಂಬುದು ತಿಳಿಯುತ್ತದೆ.