ನೆಲಮಾಳಿಗೆಯ ಟೇಬಲ್ಲು, ತೇವ ಹಿಡಿದ ಕಾಡತೂಸು: ಬೆಳೆ ಕಾಯೋ ಬಂದೂಕು ಇಟ್ಟವರಿಗೆ ಒಂದಿಷ್ಟು ಮಾತು

ಗಂಗಾವತಿಯಿಂದ ಕಾರಟಗಿ ಕಡೆ ಹೋಗೋ ದಾರಿಯಲ್ಲಿ ನಮ್ಮ ಕಾಕಾನ ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಮನೆಯ ಹಿಂದಿನ ಗೋಡೆಯಿಂದ ಹತ್ತು ಹೆಜ್ಜೆಗೆ ಭತ್ತದ ಗದ್ದೆಯಲ್ಲಿ ನೀರು ನಿಂತಿರುತ್ತೆ. ಮನೆ ಕಟ್ಟುವಾಗ ಕಾಕಾ ಭತ್ತದ ಚೀಲ ಇಡೋಕೆ ಅಂತ ಕೆಳಗೊಂದು ನೆಲಮಾಳಿಗೆ ಮಾಡಿಸಿದ್ರು. ಮೊದಲ ವರ್ಷವೇ ಚೀಲದ ತಳ ಬೂಸ್ಟು ಹಿಡೀತು. ಆಮೇಲೆ ಭತ್ತ ಮೇಲಕ್ಕೆ ಬಂತು. ಕೆಳಗೆ ಉಳಿದದ್ದು ಗೊಬ್ಬರದ ಚೀಲ, ಸುಟ್ಟ ಮೋಟರು, ಎರಡು ಸ್ಪ್ರೇ ಪಂಪು, ಮತ್ತೊಂದು ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕಾಕಾನ ಲೈಸೆನ್ಸಿನ 12 ಬೋರಿನ ಒಂಟಿ ನಳಿಗೆ ಬಂದೂಕು ಮತ್ತು ಕಾಡತೂಸು.

ಹೋದ ಸಲ ಹೋದಾಗ ಆ ಕೋಣೆಯಲ್ಲಿ ಹೊಸದೊಂದು ಟೇಬಲ್ಲು ಕಂಡಿತು. ಕಬ್ಬಿಣದ ಕಾಲು, ಮೇಲೆ ದಪ್ಪ ಪ್ಲೈವುಡ್ಡು, ತಲೆ ಮೇಲೆ ಎಲ್ಇಡಿ ಬಲ್ಬು. ಕಾಕಾನ ಮಗ ಮೊಬೈಲ್ ತೋರಿಸಿದ.

“ಅಣ್ಣಾ, ಒಂದ್ ಕಾಡತೂಸಿಗೆ ಎಷ್ಟ್ ರೊಕ್ಕ ಆಕ್ಕೈತಿ ಗೊತ್ತೈತಿಲ್ಲ? ಹೊಡದಿದ್ದ ಖಾಲಿ ಕೊಳವಿ ಯಾಕ ಚೆಲ್ಲೂದು? ಅಮೆರಿಕಾದಾಗ ಮಂದಿ ಮನ್ಯಾಗ ತುಂಬಿಕೋತಾರ ನೋಡು.”

ಅವನು ಹೇಳಿದ್ದು ಸುಳ್ಳಲ್ಲ. ಅಲ್ಲಿ ಅದೊಂದು ದೊಡ್ಡ ಹವ್ಯಾಸ. ಮನೆಯ ಬೇಸ್‌ಮೆಂಟಿನಲ್ಲಿ ಟೇಬಲ್ಲು ಹಾಕ್ಕೊಂಡು, ಖಾಲಿ ಕೊಳವೆಗೆ ಹೊಸ ಕೇಪು, ಮದ್ದು, ಚರೆ ತುಂಬಿಕೊಳ್ತಾರೆ. ಅವರ ದೊಡ್ಡ ದೂರೂ ನಮ್ಮ ಕಾಕಾನದೇ: ಕೆಳಗಿನ ಕೋಣೆಯ ತೇವ. ಆದರೆ ನಮ್ಮಲ್ಲಿ ತೇವಕ್ಕಿಂತ ಮೊದಲು ಕಾನೂನು ಅಡ್ಡ ಬರುತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕನ್ನಾಗಲಿ ಕಾಡತೂಸನ್ನಾಗಲಿ ತಯಾರು ಮಾಡೋಕೆ, ಮಾರೋಕೆ, ರಿಪೇರಿ ಮಾಡೋಕೆ ಬೇರೆಯೇ ಲೈಸೆನ್ಸು ಬೇಕು. ಕಾಕಾನ ಹತ್ತಿರ ಇರೋದು ಬಂದೂಕು ಇಟ್ಟುಕೊಳ್ಳೋ ಲೈಸೆನ್ಸು, ಮದ್ದು ತುಂಬೋದಲ್ಲ. 2019ರ ತಿದ್ದುಪಡಿ ಆದ ಮೇಲೆ ಈ ತಪ್ಪಿಗೆ ಕನಿಷ್ಠ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು. ನಾಲ್ಕು ಕಾಡತೂಸಿನ ರೊಕ್ಕ ಉಳಿಸೋಕೆ ಹೋಗಿ ಹೊಲ ಬೇರೆಯವರಿಗೆ ಲಾವಣಿ ಹಾಕೋ ಹಾಗಾಗಬಾರದು.

ಕಾನೂನು ಬಿಟ್ಟು ನೋಡಿದರೂ ಅದು ತಿರುಗಿ ನಮಗೇ ಹೊಡೆಯೋ ಕೆಲಸ. ಫ್ಯಾಕ್ಟರಿ ಕಾಡತೂಸಿನ ಮದ್ದು ಎಷ್ಟು ವೇಗವಾಗಿ ಉರೀಬೇಕು, ನಳಿಗೆಯೊಳಗೆ ಎಷ್ಟು ಒತ್ತಡ ಬರಬೇಕು ಅನ್ನೋದನ್ನು ಅಳೆದು ತೂಗಿ ತುಂಬಿರ್ತಾರೆ. ಪಟಾಕಿ ಮದ್ದು, ಕಲ್ಲು ಗಣಿಯ ಮದ್ದು ಆ ಜಾತಿಯವೇ ಅಲ್ಲ. ನಳಿಗೆ ಒಡೆದರೆ ಮೊದಲು ಹೋಗೋದು ಎಡಗೈ ಬೆರಳು, ಆಮೇಲೆ ಕಣ್ಣು. ಇದನ್ನೆಲ್ಲ ಹೇಳಿದ ಮೇಲೂ ತಮ್ಮ ಸುಮ್ಮನೇ ನಿಂತಿದ್ದ. ಅವನು ನಿಜವಾಗಿ ಒಪ್ಪಿದ್ದು ಪೆಟ್ಟಿಗೆ ಬೀಗ ತೆಗೆದ ಮೇಲೆ.

ಬಂದೂಕು ರೆಕ್ಸಿನ್ ಕವರಿನೊಳಗಿತ್ತು. ಕವರು ಜಾರಿಸಿದರೆ ನಳಿಗೆಯ ಮೇಲೆ ಕೆಂಪು ತುಕ್ಕಿನ ಚುಕ್ಕೆ, ಥೇಟ್ ಎಲೆ ತುಕ್ಕು ರೋಗ ಬಂದ ಶೇಂಗಾ ಎಲೆ ಇದ್ದ ಹಾಗೆ. ಮರದ ಹಿಡಿಯ ತುದಿಯಲ್ಲಿ ಬಿಳಿ ಬೂಸ್ಟು. ಕಾಡತೂಸಿನ ಹಿತ್ತಾಳೆ ತಳ ಹಸಿರು ಹಿಡಿದಿತ್ತು. ಹಳೇ ಕಾಲದ ಎರಡು ಕಾಗದದ ಕಾಡತೂಸು ಉಬ್ಬಿ, ನಳಿಗೆಯ ಬಾಯಿಗೆ ಹೋಗದಷ್ಟು ದಪ್ಪ ಆಗಿದ್ದವು.

ಆಗ ಕಾಕಾ ಹೋದ ವರ್ಷದ ಮಾತು ತೆಗೆದರು. ರಾತ್ರಿ ಹಂದಿ ಬೆದರಿಸೋಕೆ ಹೋದಾಗ ಕುದುರೆ ಎಳೆದರೆ ಬರೀ ‘ಟಕ್’ ಅಂತು. “ಏನಾತು ಅಂತ ಲಗೂನ ಬಂದೂಕು ಮುರದು ನೋಡಿದ್ನಿ ತಮ್ಮಾ. ಪುಣ್ಯಾಕ ಏನೂ ಆಗ್ಲಿಲ್ಲ.” ಕೇಳಿ ನನ್ನ ಎದೆ ಝಲ್ ಅಂತು. ತೇವ ಹಿಡಿದ ಕಾಡತೂಸು ಒಂದೊಂದು ಸಲ ತಡವಾಗಿ ಹೊತ್ಕೊಳ್ಳುತ್ತೆ. ‘ಟಕ್’ ಅಂದ ಮೇಲೆ ಬಂದೂಕಿನ ಮೂತಿಯನ್ನು ಮಂದಿ, ದನ, ಮನೆ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಆಮೇಲಷ್ಟೇ, ಮುಖ ಪಕ್ಕಕ್ಕಿಟ್ಟು ತೆಗೀಬೇಕು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸದ್ದು ಬರುತ್ತೆ, ಆದರೆ ಮಂಕಾಗಿ, ‘ಪುಸ್’ ಅಂದ ಹಾಗೆ. ಆಗ ಒಳಗಿನ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಕಾಡತೂಸು ಹಾಕಿ ಹೊಡೆದರೆ ನಳಿಗೆ ಸೀಳುತ್ತೆ. ಮಂಕು ಸದ್ದು ಕೇಳಿದರೆ ಅವತ್ತಿಗೆ ಬಂದೂಕಿನ ಕೆಲಸ ಮುಗೀತು. ಖಾಲಿ ಮಾಡಿ, ಹಿಂದಿನಿಂದ ಬೆಳಕು ಹಿಡಿದು ನಳಿಗೆ ಆರಪಾರ ಕಾಣುತ್ತಾ ನೋಡಿ. ಕಾಣದಿದ್ದರೆ ಲೈಸೆನ್ಸ್ ಇರೋ ಅಂಗಡಿಯವರಿಗೆ ಕೊಡಿ, ಮನೆಯಲ್ಲಿ ಕಡ್ಡಿ ಹಾಕಿ ಬಡೀಬೇಡಿ.

ಕಾಡತೂಸಿನ ವಿಷಯ ಬಂದಾಗ ಇದೂ ನೆನಪಿರಲಿ. 20 ಬೋರಿನ ಕಾಡತೂಸು 12 ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಕೂತುಬಿಡುತ್ತೆ, ಹೊರಗಿಂದ ಖಾಲಿ ಇದ್ದ ಹಾಗೆ ಕಾಣುತ್ತೆ. ಎರಡೂ ಒಂದೇ ಡಬ್ಬಿಯಲ್ಲಿ ಇರಲೇಬಾರದು. ಹಳೇ ಬಂದೂಕಿನ ಕೋಣೆ 65 ಮಿಲಿಮೀಟರ್ ಇದ್ದರೆ ಅದಕ್ಕೆ 70 ಮಿಲಿಮೀಟರಿನ ಕಾಡತೂಸು ಹಾಕೋ ಹಾಗಿಲ್ಲ. ನಳಿಗೆಯ ಬುಡದಲ್ಲಿ ಅಳತೆ ಕೊರೆದಿರ್ತಾರೆ, ಕನ್ನಡಕ ಹಾಕ್ಕೊಂಡು ಓದಿ.

ಈಗ ತೇವದ ಮೂಲಕ್ಕೆ ಬರೋಣ. ಗಂಗಾವತಿ, ಕಾರಟಗಿ ಕಡೆಯ ನೆಲಮಾಳಿಗೆಗೂ ಕುಷ್ಟಗಿ, ಯಲಬುರ್ಗಾದ ಹಳೇ ಮನೆಗೂ ತೇವ ಬರೋ ದಾರಿ ಬೇರೆ ಬೇರೆ. ಕಾಲುವೆ ಸೀಮೆಯಲ್ಲಿ ನೀರು ಕೆಳಗಿಂದ ಬರುತ್ತೆ. ಗದ್ದೆಗೆ ನೀರು ನಿಂತಾಗ ಅಂತರ್ಜಲ ಮೇಲೇಳುತ್ತೆ, ಸಿಮೆಂಟಿನ ನೆಲ, ಗೋಡೆ ಅದನ್ನು ಬತ್ತಿಯ ಹಾಗೆ ಹೀರುತ್ತೆ. ನಮ್ಮ ಸವಳು-ಜವಳು ನೆಲದ ಉಪ್ಪೂ ಜೊತೆಗೇ ಬರುತ್ತೆ. ಗೋಡೆಯ ಮೇಲೆ ಬಿಳಿ ಹಿಟ್ಟಿನ ಹಾಗೆ ಅರಳಿರೋದು ಅದೇ. ಆ ಉಪ್ಪು ಗಾಳಿಯ ತೇವವನ್ನೂ ಎಳ್ಕೊಳ್ಳುತ್ತೆ, ಹಾಗಾಗಿ ಸುಣ್ಣ ಬಳಿದ ಮರುತಿಂಗಳೇ ಗೋಡೆ ಮತ್ತೆ ಒದ್ದೆ. ಒಣಬೇಸಾಯದ ಕುಷ್ಟಗಿ ಕಡೆ ನೆಲ ಒಣಗಿರುತ್ತೆ, ಆದರೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಒಳಕೋಣೆ ತಣ್ಣಗಿರುತ್ತೆ. ಮಳೆಗಾಲದ ಬೆಚ್ಚನೆ ಗಾಳಿ ಒಳಗೆ ನುಗ್ಗಿ ತಣ್ಣನೆ ಕಬ್ಬಿಣಕ್ಕೆ ತಾಗಿದರೆ ಬೆವರುತ್ತೆ, ತಣ್ಣೀರಿನ ಚೊಂಬು ಬೆವರೋ ಹಾಗೆ.

ನಿಮ್ಮದು ಯಾವ ತೇವ ಅಂತ ತಿಳಿಯೋಕೆ ಖರ್ಚಿಲ್ಲದ ಪರೀಕ್ಷೆ ಇದೆ. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ ತೊಳೆದು ಒಣಗಿಸಿ, ಎರಡು ಅಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಹಾಕಿ ನೆಲಕ್ಕೆ ಅಂಟಿಸಿ. ಮರುದಿನ ಹಾಳೆಯ ಅಡಿಗೆ ಹನಿ ಇದ್ದರೆ ನೀರು ನೆಲದಿಂದ ಬರ್ತಾ ಇದೆ. ಮೇಲೆ ಹನಿ ಇದ್ದರೆ ಅದು ಗಾಳಿಯ ತೇವ. ಗಾಳಿಯ ತೇವ ಆಗಿದ್ದರೆ ಕಿಟಕಿಯನ್ನು ಬಿಸಿಲಿರೋ ಒಣ ಹೊತ್ತಲ್ಲಿ ಮಾತ್ರ ತೆಗೀರಿ. ಮಳೆ ಸಂಜೆ ‘ಗಾಳಿ ಆಡಲಿ’ ಅಂತ ತೆಗೆದರೆ ತೇವವನ್ನು ಕರೆದು ಒಳಗೆ ಕೂರಿಸಿದ ಹಾಗೆ. ನೆಲದ ತೇವ ಆಗಿದ್ದರೆ ನನ್ನ ಸಲಹೆ ಒಂದೇ. ಆ ಕೋಣೆಯನ್ನು ಒಣಗಿಸೋ ಹಟಕ್ಕೆ ಬೀಳಬೇಡಿ, ಸಾಮಾನನ್ನೇ ಮೇಲಕ್ಕೆ ತನ್ನಿ. ಕಾಲುವೆಯಲ್ಲಿ ನೀರು ಇರೋ ತನಕ ನೀವು ಗೆಲ್ಲೋದಿಲ್ಲ.

ಕಾಕಾನ ಕೋಣೆಯಲ್ಲಿ ಹಾಳೆಯ ಅಡಿಗೇ ನೀರಿತ್ತು. ಜೊತೆಗೆ ಪೆಟ್ಟಿಗೆಯ ಪಕ್ಕದಲ್ಲೇ ಪೊಟ್ಯಾಷ್ ಚೀಲ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರೋ ಕ್ಲೋರೈಡು ಕಬ್ಬಿಣಕ್ಕೆ ಉಪ್ಪಿನಷ್ಟೇ ವೈರಿ. ಯೂರಿಯಾ ತೇವ ಎಳೆದು ನೀರಾಗುತ್ತೆ. ಸ್ಪ್ರೇ ಪಂಪಿನ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿಯ ಆಸಿಡ್ ಹಬೆಯೂ ಅಷ್ಟೇ. ಬಂದೂಕಷ್ಟೇ ಅಲ್ಲ, ಪಾನಾ, ನಾಝಲ್, ಮೋಟರಿನ ಬೇರಿಂಗ್ ಯಾವುದನ್ನೂ ಗೊಬ್ಬರದ ಜೊತೆ ಇಡಬೇಡಿ.

ಟೇಬಲ್ಲು ಅಂತೂ ವ್ಯರ್ಥ ಆಗಲಿಲ್ಲ. ಇಬ್ಬರೂ ಸೇರಿ ಅದನ್ನು ಮೇಲಿನ ಕೋಣೆಗೆ ಎತ್ತಿದೆವು, ಗೋಡೆಯಿಂದ ಒಂದು ಗೇಣು ದೂರ ಇಟ್ಟೆವು. ಅದು ಈಗ ಒರೆಸೋ, ಎಣ್ಣೆ ಹಚ್ಚೋ ಟೇಬಲ್ಲು. ನೂರಿನ್ನೂರು ರೂಪಾಯಿಗೆ ಗಾಳಿಯ ತೇವ ತೋರಿಸೋ ಪುಟ್ಟ ಮೀಟರು ಸಿಗುತ್ತೆ, ಅದನ್ನು ಗೋಡೆಗೆ ಹಾಕಿದ್ದೀವಿ. ಶೇಕಡಾ 50ರ ಸುತ್ತಮುತ್ತ ಇದ್ದರೆ ನೆಮ್ಮದಿ, 60 ದಾಟಿದರೆ ತುಕ್ಕು ಚುರುಕಾಗುತ್ತೆ.

ಬಂದೂಕಿನ ಆರೈಕೆ ದೊಡ್ಡ ವಿದ್ಯೆ ಅಲ್ಲ. ಮೊದಲು ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಒಣ ಬಟ್ಟೆ, ಆಮೇಲೆ ಬಂದೂಕಿನ ಎಣ್ಣೆ ಅಥವಾ ಹೊಲಿಗೆ ಮಿಷಿನ್ ಎಣ್ಣೆ ತೆಳ್ಳಗೆ. ಕೊಬ್ಬರಿ ಎಣ್ಣೆ, ಹಳೇ ಎಂಜಿನ್ ಆಯಿಲ್ ಬೇಡ. ರೆಕ್ಸಿನ್, ಚರ್ಮದ ಕವರಿನಲ್ಲಿ ಇಟ್ಟು ಮರೀಬೇಡಿ, ಅದು ತೇವವನ್ನು ಹಿಡಿದು ಕೂರಿಸುತ್ತೆ. ಗಾಳಿ ಆಡೋ ಬೀಗದ ಬೀರುವಿನಲ್ಲಿ, ಗೋಡೆಗೆ ತಾಗದ ಹಾಗೆ ಇಡಿ. ಮಹಾನವಮಿಗೆ ಆಯುಧಪೂಜೆ ಮಾಡಿದವರು ನಳಿಗೆಗೆ ಹಚ್ಚಿದ ಅರಿಶಿನ-ಕುಂಕುಮ, ನೀರನ್ನು ಅವತ್ತೇ ರಾತ್ರಿ ಒರೆಸಬೇಕು. ಕಾಕಾನ ಬಂದೂಕಿನ ಮೇಲೆ ಮೂರು ಬೊಟ್ಟಿನ ಗುರುತಿನಲ್ಲೇ ತುಕ್ಕು ತಿಂದಿತ್ತು. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸೋ ಮುಂಚೆಯೂ ಎಣ್ಣೆ ಹಚ್ಚಿ ಕೊಡಿ, ವಾಪಸ್ ತಂದ ದಿನವೇ ಮತ್ತೆ ಒರೆಸಿ.

ಕಾಡತೂಸು ಮಾತ್ರ ಬಂದೂಕಿನ ಜೊತೆಗೆ ಬೇಡ, ಬೇರೆ ಬೀಗದೊಳಗೆ, ರಬ್ಬರ್ ರಿಂಗ್ ಇರೋ ಗಾಳಿಯಾಡದ ಡಬ್ಬಿಯಲ್ಲಿ ಇರಲಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದರೆ ಹಸಿರಾಗುತ್ತೆ. ನೀಲಿದರಲ್ಲಿ ಕೋಬಾಲ್ಟ್ ವಿಷ ಇರುತ್ತೆ, ಅಡುಗೆ ಪಾತ್ರೆ ಹತ್ತಿರ ತರಬೇಡಿ. ಖರೀದಿ ಮಾಡಿದ ವರ್ಷ ಡಬ್ಬಿ ಮೇಲೆ ಬರೀರಿ, ಹಳೇದು ಮೊದಲು ಮುಗಿಸಿ. ತುಕ್ಕು ಬಂದ ಕಾಡತೂಸನ್ನು ಮರಳು ಕಾಗದದಿಂದ ತಿಕ್ಕಿ ಹೊಳಪು ಮಾಡಿ ಬಳಸೋದು ಬೇಡ. ಬಿಸಿಲಿಗಿಟ್ಟು ಒಣಗಿಸೋದೂ ಬೇಡ.

ಕುಷ್ಟಗಿ, ಯಲಬುರ್ಗಾದ ಮೆಕ್ಕೆಜೋಳ, ಶೇಂಗಾ ರೈತರಲ್ಲಿ ಯಾರ ಹತ್ತಿರವಾದರೂ ಬಾಯಿಂದ ಮದ್ದು ತುಂಬೋ ಹಳೇ ಬಂದೂಕು ಇದ್ದರೆ ಅವರಿಗೆ ಒಂದು ಮಾತು ಹೆಚ್ಚು. ಕರಿಮದ್ದು ಉರಿದ ಮೇಲೆ ಉಳಿಯೋ ಮಸಿ ಉಪ್ಪಿನ ಹಾಗೆ ತೇವ ಎಳೆಯುತ್ತೆ. ಒಂದೇ ಗುಂಡು ಹೊಡೆದಿದ್ದರೂ ಅವತ್ತೇ ಬಿಸಿನೀರಲ್ಲಿ ನಳಿಗೆ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಬೇಕು. ಮದ್ದು ತುಂಬಿದ ಬಂದೂಕನ್ನು ‘ನಾಳೆ ಬೇಕಾದೀತು’ ಅಂತ ಮೂಲೆಗೆ ಒರಗಿಸಿ ಇಡೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮಕ್ಕಳಿರೋ ಮನೆ ಅದು.

ಲೈಸೆನ್ಸಿದೆ ಅಂದ ಮಾತ್ರಕ್ಕೆ ಕಂಡ ಪ್ರಾಣಿಗೆ ಹೊಡೆಯೋ ಹಾಗಿಲ್ಲ ಅನ್ನೋದೂ ಮರೀಬಾರದು. ಯಲಬುರ್ಗಾ, ಕುಕನೂರು ಕಡೆ ಕಡಲೆ ಮೇಯೋ ಕೃಷ್ಣಮೃಗ, ಆನೆಗೊಂದಿ ಗುಡ್ಡದ ಚಿರತೆ, ಕರಡಿ, ಹೊಲಕ್ಕೆ ಬರೋ ನವಿಲು ಎಲ್ಲವೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ, ಅದಕ್ಕೂ ಅರಣ್ಯ ಇಲಾಖೆಯ ಅಧಿಕಾರಿ ಬರೆದು ಕೊಟ್ಟ ಅನುಮತಿ ಬೇಕು. ಬೆಳೆ ಹಾಳಾದರೆ ಮುಟ್ಟದೆ ಫೋಟೋ ತೆಗೆದು, ಬೇಗನೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಬೇಲಿಗೆ ಕರೆಂಟು ಹಾಯಿಸೋದು, ನಾಡಬಾಂಬು ಇಡೋದು ನಿಮ್ಮದೇ ಎಮ್ಮೆಗೋ ಪಕ್ಕದ ಹೊಲದವರಿಗೋ ಮುಳುವಾಗುತ್ತೆ.

ಉಬ್ಬಿದ, ಹಸಿರು ಹಿಡಿದ ಕಾಡತೂಸನ್ನು ಏನು ಮಾಡೋದು ಅಂತ ಕಾಕಾ ಕೇಳಿದರು. “ಕಾಲುವ್ಯಾಗ ಒಗದ್ರ ಹೋತಲ್ಲ?” ಅಂದ ತಮ್ಮ. ಬೇಡ ಅಂದೆ. ನೀರಿಗೆ ಎಸೆಯೋದು, ಹೂಳೋದು, ಕಸದ ಜೊತೆ ಸುಡೋದು ಯಾವುದೂ ಸಲ್ಲದು. ಫೋನ್ ಮಾಡಿ ಕೇಳಿ, ಲೈಸೆನ್ಸ್ ಪುಸ್ತಕದ ಸಮೇತ ಠಾಣೆಗೋ ಲೈಸೆನ್ಸ್ ಇರೋ ಬಂದೂಕು ಅಂಗಡಿಗೋ ಒಪ್ಪಿಸಿ, ಎಷ್ಟು ಕೊಟ್ಟಿರಿ ಅನ್ನೋದಕ್ಕೆ ಬರಹದಲ್ಲಿ ಪಾವತಿ ತಗೋಬೇಕು. ಕಾಕಾ ಸೋಮವಾರ ಹೋಗಿ ಏಳು ಕಾಡತೂಸು ಒಪ್ಪಿಸಿ ಬಂದರು. ಪುಸ್ತಕ ತಿರುವಿ ನೋಡಿದಾಗ ಲೈಸೆನ್ಸ್ ನವೀಕರಣಕ್ಕೆ ಎರಡೇ ತಿಂಗಳು ಉಳಿದಿದ್ದು ಅವತ್ತೇ ಗೊತ್ತಾಯ್ತು.