ಹಲ್ಲು ಕೀಳಿಸಿಕೊಂಡು ಬಂದ್ರಾ? ಮೊದಲ ದಿನ ಉಗುಳಬೇಡಿ, ಮುಕ್ಕಳಿಸಬೇಡಿ

ತಾಲೂಕು ಆಸ್ಪತ್ರೆಯಲ್ಲೋ, ಪೇಟೆಯ ಕ್ಲಿನಿಕ್‌ನಲ್ಲೋ ಹಲ್ಲು ಕೀಳಿಸಿಕೊಂಡು ಊರಿನ ಬಸ್ ಹತ್ತುತ್ತೇವೆ. ಬಾಯಲ್ಲಿ ಹತ್ತಿ, ಕೈಯಲ್ಲಿ ಮಾತ್ರೆ ಚೀಟಿ. ಹತ್ತು ನಿಮಿಷ ಕಳೆಯೋದ್ರಲ್ಲಿ ಹತ್ತಿ ತೆಗೆದು ಬಿಸಾಕಿ, ಕಿಟಕಿಯಿಂದ ಉಗುಳೋಕೆ ಶುರು. ಊರು ಮುಟ್ಟುವ ಹೊತ್ತಿಗೆ ‘ಅಯ್ಯೋ, ರಕ್ತ ನಿಲ್ತಾನೇ ಇಲ್ಲ’ ಅಂತ ಗಾಬರಿ.

ನಿಜ ಹೇಳಬೇಕಂದ್ರೆ, ಬಹಳ ಸಲ ರಕ್ತ ನಿಲ್ಲದೇ ಇರೋದಕ್ಕೆ ಆ ಉಗುಳುವುದೇ ಕಾರಣ.

ಹಲ್ಲು ಕಿತ್ತ ಜಾಗದಲ್ಲಿ ಒಂದು ಗುಳಿ ಉಳಿಯುತ್ತದೆ. ಅದರೊಳಗೆ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಒಳಗಿನ ಮೂಳೆ ಮತ್ತು ನರಕ್ಕೆ ಈ ಹೆಪ್ಪೇ ಮುಚ್ಚಳ. ಗಾಯ ಮಾಯುವುದೂ ಇದರ ಮೇಲೆಯೇ. ಹಾಗಾಗಿ ಹಲ್ಲು ಕೀಳಿಸಿದ ಮೇಲೆ ನಾವು ಮಾಡಬೇಕಾದ ಮುಖ್ಯ ಕೆಲಸ ಒಂದೇ: ಈ ಹೆಪ್ಪು ಕಿತ್ತು ಬಾರದಂತೆ ನೋಡಿಕೊಳ್ಳುವುದು.

ಮೊದಲ ಒಂದು ಗಂಟೆ

ವೈದ್ಯರು ಇಟ್ಟ ಹತ್ತಿ ಅಥವಾ ಬಟ್ಟೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ಅವರು ಬೇರೆ ಸಮಯ ಹೇಳಿಲ್ಲದಿದ್ದರೆ 30ರಿಂದ 45 ನಿಮಿಷ ಇರಲಿ. ‘ನಿಂತಿದೆಯಾ’ ಅಂತ ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಎಂಜಲು ಬಂದರೆ ನುಂಗಿಬಿಡಿ. ಮೊದಲ ದಿನ ಎಂಜಲು ತುಸು ಕೆಂಪಗಿರುವುದು ಸಹಜ. ಒಂದು ಹನಿ ರಕ್ತಕ್ಕೆ ಬಾಯಿ ತುಂಬ ಎಂಜಲು ಸೇರಿದರೆ ನೋಡೋಕೆ ಅದು ಬಹಳ ರಕ್ತದಂತೆ ಕಾಣುತ್ತೆ, ಅಷ್ಟೇ.

ತುಟಿ, ಕೆನ್ನೆಯ ಜೋಮು ಇಳಿಯೋಕೆ ಕೆಲವು ಗಂಟೆ ಬೇಕು. ಅಲ್ಲಿವರೆಗೆ ಅಗಿದು ತಿನ್ನಬೇಡಿ, ಬಿಸಿ ಕುಡಿಯಬೇಡಿ. ಮಕ್ಕಳಿದ್ದರೆ ಪಕ್ಕದಲ್ಲೇ ಇರಿ. ಗೊತ್ತಾಗದೇ ತುಟಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತವೆ.

ಮೊದಲ 24 ಗಂಟೆ ಇವು ಬೇಡ

* ಉಗುಳುವುದು, ಬಾಯಿ ಮುಕ್ಕಳಿಸುವುದು. ಉಪ್ಪು ನೀರೂ ಮೊದಲ ದಿನ ಬೇಡ.
* ಸ್ಟ್ರಾ ಹಾಕಿ ಎಳನೀರು, ಜ್ಯೂಸ್ ಹೀರುವುದು. ಲೋಟಕ್ಕೆ ಹಾಕಿಸಿಕೊಂಡು ಕುಡಿಯಿರಿ.
* ಬಿಸಿ ಕಾಫಿ, ಟೀ, ಬಿಸಿ ಸಾರು.
* ನಾಲಿಗೆಯಿಂದ, ಬೆರಳಿನಿಂದ, ಕಡ್ಡಿಯಿಂದ ಗುಳಿ ಕೆದಕುವುದು.
* ಭಾರ ಎತ್ತುವುದು, ಹೊಲದ ಕೆಲಸ. ಮಲಗುವಾಗ ಒಂದು ದಿಂಬು ಹೆಚ್ಚಿಗೆ ಇಟ್ಟುಕೊಳ್ಳಿ.
* ಮದ್ಯ.

ಇನ್ನು ನಮ್ಮಲ್ಲಿ ದೊಡ್ಡ ಸಮಸ್ಯೆ ಎಲೆ ಅಡಿಕೆ, ಕಡ್ಡಿಪುಡಿ, ಗುಟ್ಕಾ, ಬೀಡಿ, ಸಿಗರೇಟು. ಬೀಡಿ ಎಳೆಯುವಾಗ ಹೆಪ್ಪು ಕಿತ್ತುಬರಬಹುದು. ತಂಬಾಕಿನಿಂದ ಗಾಯಕ್ಕೆ ರಕ್ತ ಸಂಚಾರವೂ ಕಡಿಮೆಯಾಗುತ್ತದೆ. ಕನಿಷ್ಠ 3 ದಿನವಾದರೂ ಮುಟ್ಟಬೇಡಿ. ಮೂರು ದಿನ ಬಿಟ್ಟವರು ಪೂರ್ತಿ ಬಿಡೋಕೂ ಪ್ರಯತ್ನಿಸಬಹುದು. ಅದಕ್ಕೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356.

ಲವಂಗದ ಎಣ್ಣೆ, ಸುಣ್ಣ, ಅರಿಶಿನ ಅಂತ ಮನೆಯವರು ಏನೇ ಹೇಳಲಿ, ಹಸಿ ಗಾಯದೊಳಗೆ ಏನನ್ನೂ ತುಂಬಬೇಡಿ.

ಊಟ ಏನು ಮಾಡೋದು?

ಉಪವಾಸ ಬೇಡ. ಆರಿದ ಗಂಜಿ, ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಬಾಳೆಹಣ್ಣು ಒಳ್ಳೆಯದು. ಮೊಸರನ್ನಕ್ಕೆ ಒಗ್ಗರಣೆ ಬೇಡ, ಸಾಸಿವೆ ಕಾಳು ಗುಳಿಯಲ್ಲಿ ಸಿಕ್ಕಿಕೊಳ್ಳುತ್ತೆ. ಐಸ್‌ಕ್ರೀಮನ್ನು ಚಮಚದಲ್ಲಿ ತಿನ್ನಬಹುದು. ಮುದ್ದೆ ಉಣ್ಣುವವರು ಮರುದಿನದಿಂದ, ಬಿಸಿ ಆರಿಸಿ, ಖಾರವಿಲ್ಲದ ಸಾರಿನಲ್ಲಿ ಉಣ್ಣಿ. ಖಾರ, ಹುರಿಗಾಳು, ಚಕ್ಕುಲಿ ಕೆಲವು ದಿನ ದೂರ ಇರಲಿ.

ಊತ ಇದ್ದರೆ ಬಟ್ಟೆಯಲ್ಲಿ ಐಸ್ ಸುತ್ತಿ ಕೆನ್ನೆಯ ಹೊರಗಿನಿಂದ 10ರಿಂದ 15 ನಿಮಿಷ ಇಡಿ, ಸ್ವಲ್ಪ ಬಿಟ್ಟು ಮತ್ತೆ ಇಡಿ.

ಎರಡನೇ ದಿನದಿಂದ

24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟದ ನಂತರ ಬಾಯಿಗೆ ತುಂಬಿಕೊಳ್ಳಿ. ಗಳಗಳ ಅಂತ ಜೋರಾಗಿ ಮುಕ್ಕಳಿಸಬೇಡಿ. ತಲೆ ಆಚೀಚೆ ವಾಲಿಸಿ, ನೀರನ್ನು ಹಾಗೇ ಹೊರಕ್ಕೆ ಬೀಳಲು ಬಿಡಿ. ಉಳಿದ ಹಲ್ಲುಗಳನ್ನು ಮೆಲ್ಲಗೆ ಬ್ರಷ್ ಮಾಡಿ, ಗಾಯದ ಜಾಗ ಬಿಟ್ಟುಬಿಡಿ. ಆಂಟಿಬಯಾಟಿಕ್ ಬರೆದಿದ್ದರೆ ನೋವು ಹೋಯ್ತು ಅಂತ ನಡುವೆ ನಿಲ್ಲಿಸಬೇಡಿ.

ಮೂರನೇ ದಿನದ ನೋವು: ಸಹಿಸಿಕೊಂಡು ಕೂರಬೇಡಿ

ಸಾಮಾನ್ಯವಾಗಿ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದ ನೋವು 2ರಿಂದ 4ನೇ ದಿನದ ನಡುವೆ ಮತ್ತೆ ಜೋರಾಗಿ ಬಂದು, ಕಿವಿಯವರೆಗೂ ಸೆಳೆದು, ಬಾಯಿ ವಾಸನೆ ಬಂದರೆ ಹೆಪ್ಪು ಹೋಗಿ ಮೂಳೆ ತೆರೆದುಕೊಂಡಿದೆ ಅಂತ ಅರ್ಥ ಇರಬಹುದು. ಇದನ್ನು ‘ಡ್ರೈ ಸಾಕೆಟ್’ ಅನ್ನುತ್ತಾರೆ. ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗುತ್ತಾ ಕೂತರೆ ದಿನ ಹೋಗುತ್ತೆ ಹೊರತು ನೋವು ಹೋಗಲ್ಲ. ದಂತ ವೈದ್ಯರು ಗುಳಿ ತೊಳೆದು ಔಷಧಿ ಇಟ್ಟರೆ ಬೇಗ ಆರಾಮಾಗುತ್ತದೆ.

ಶುಗರ್, ಹೃದಯದ ಮಾತ್ರೆ ಇದ್ದವರು

ಶುಗರ್ ಇದ್ದವರು ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟ ಬಿಟ್ಟರೆ ಶುಗರ್ ಇಳಿದು ತಲೆ ತಿರುಗಿ ಬೀಳಬಹುದು. ಅಂಬಲಿಯಾದರೂ ಹೊಟ್ಟೆಗೆ ಹೋಗಲಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಹಲ್ಲು ಕೀಳಿಸುವ ಮೊದಲೇ ವೈದ್ಯರಿಗೆ ಹೇಳಬೇಕು. ಹೃದಯದ ವೈದ್ಯರನ್ನು ಕೇಳದೇ ಅದನ್ನು ನೀವಾಗಿಯೇ ನಿಲ್ಲಿಸುವುದು ಅಪಾಯ. ಹಲ್ಲುನೋವಿಗೆ ಅಂತ ಆಸ್ಪಿರಿನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ.

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತಾ?

ಇಲ್ಲ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಈ ಹೆದರಿಕೆಯಿಂದ ಕೊಳೆತ ಹಲ್ಲನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ಕೀವು ಹರಡುವುದೇ ನಿಜವಾದ ಅಪಾಯ.

ತಡಮಾಡದೆ ಆಸ್ಪತ್ರೆಗೆ ಹೋಗಿ

ರಕ್ತ ಮತ್ತೆ ಸುರಿದರೆ ಶುದ್ಧ ಬಟ್ಟೆಯನ್ನು ಒದ್ದೆ ಮಾಡಿ, ಮಡಚಿ, ಗಾಯದ ಮೇಲಿಟ್ಟು ಅರ್ಧ ಗಂಟೆ ಕಚ್ಚಿ ಕೂರಿ. ಆಗಲೂ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಜ್ವರ, ಕೀವು, 3 ದಿನದ ನಂತರವೂ ಏರುತ್ತಿರುವ ಊತ ಇದ್ದರೆ ಅಂದೇ ತೋರಿಸಿ. ಬಾಯಿ ತೆರೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟವಾದರೆ ಅಥವಾ ಊತ ಕತ್ತಿಗೆ ಇಳಿದರೆ ಅದು ತುರ್ತು. 108ಕ್ಕೆ ಕರೆ ಮಾಡಿ.

ಹೊಲಿಗೆ ಹಾಕಿದ್ದರೆ ಯಾವತ್ತು ಬರಬೇಕು ಅಂತ ಕೇಳಿಕೊಂಡೇ ಕ್ಲಿನಿಕ್‌ನಿಂದ ಹೊರಡಿ. ಮತ್ತೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ, ಉಗುಳೋದು ಮಾತ್ರ ಬೇಡ.