ಹಿಮಮಾನವನ ಹೆಜ್ಜೆಯ ಜಾಡು ಹಿಡಿದು...

ಹಿಮಾಲಯದ ಬಿಳಿ ಹಿಮದ ಮೇಲೆ ಬರಿಗಾಲಿನ ದೊಡ್ಡದೊಂದು ಹೆಜ್ಜೆಗುರುತು. ಸುತ್ತ ಹರದಾರಿಗಟ್ಟಲೆ ಜನವಸತಿಯಿಲ್ಲ. ಹಾಗಾದರೆ ಇದು ಯಾರ ಹೆಜ್ಜೆ?

ಈ ಪ್ರಶ್ನೆಯ ಬೆನ್ನು ಹತ್ತಿ ಪರ್ವತಾರೋಹಿಗಳು, ಪತ್ರಕರ್ತರು, ವಿಜ್ಞಾನಿಗಳು ಶತಮಾನಕ್ಕೂ ಹೆಚ್ಚು ಕಾಲ ನೇಪಾಳ, ಟಿಬೆಟ್, ಸಿಕ್ಕಿಂಗಳ ಕಣಿವೆಗಳನ್ನು ಜಾಲಾಡಿದ್ದಾರೆ. ಮೈತುಂಬ ಕೂದಲು, ವಾನರನ ಮುಖ, ಮನುಷ್ಯನಂತೆ ಎರಡು ಕಾಲಿನ ನಡಿಗೆ - ‘ಯೇತಿ’ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವ ರೂಪ ಇದು. ಈ ರೂಪವನ್ನು ಕಟ್ಟಿದವರು ಪರ್ವತವಾಸಿಗಳಷ್ಟೇ ಅಲ್ಲ. ಹೊರಗಿನವರ ಪಾಲೂ ಅದರಲ್ಲಿ ದೊಡ್ಡದಿದೆ.

ನೇಪಾಳದಲ್ಲಿದ್ದ ಬ್ರಿಟಿಷ್ ಅಧಿಕಾರಿ ಬ್ರಯಾನ್ ಹಾಡ್ಜ್‌ಸನ್ 1832ರಲ್ಲೇ ಇಂಥ ಪ್ರಾಣಿಯ ಬಗ್ಗೆ ಬರೆದಿದ್ದರು. ನೆಟ್ಟಗೆ ನಡೆಯುವ, ಬಾಲವಿಲ್ಲದ, ಉದ್ದ ಕೂದಲಿನ ಜೀವಿಯನ್ನು ಕಂಡ ಅವರ ಬೇಟೆಗಾರರು ‘ರಾಕ್ಷಸ’ನೆಂದು ಹೆದರಿ ಓಡಿದ್ದರಂತೆ. 1889ರಲ್ಲಿ ಲಾರೆನ್ಸ್ ವ್ಯಾಡೆಲ್ ಸಿಕ್ಕಿಂನಲ್ಲಿ ದೊಡ್ಡ ಹೆಜ್ಜೆಗುರುತುಗಳನ್ನು ಕಂಡರು. ವಿಚಾರಿಸುತ್ತ ಹೋದಾಗ ಪ್ರತಿಯೊಬ್ಬರೂ ‘ಬೇರೆ ಯಾರೋ ನೋಡಿದ್ದಾರೆ’ ಎನ್ನುವವರೇ. ಕೊನೆಗೆ ವ್ಯಾಡೆಲ್ ಅದು ಹಿಮಪ್ರದೇಶದ ಕರಡಿ ಎಂಬ ತೀರ್ಮಾನಕ್ಕೆ ಬಂದರು.

ಕತೆಗೆ ರೆಕ್ಕೆ ಬಂದದ್ದು 1921ರಲ್ಲಿ. ಎವರೆಸ್ಟ್‌ಗೆ ಹೊರಟ ಮೊದಲ ಬ್ರಿಟಿಷ್ ತಂಡದ ನಾಯಕ ಹೋವರ್ಡ್-ಬ್ಯೂರಿ, ಲಕ್ಪಾ ಲಾ ಕಣಿವೆದಾರಿಯಲ್ಲಿ ಕಂಡ ಗುರುತುಗಳು ತೋಳನದಿರಬೇಕೆಂದು ಊಹಿಸಿದ್ದರು. ಹೊರೆಯಾಳುಗಳು ಮಾತ್ರ ‘ಮೆತೋ ಕಾಂಗ್ಮಿ’ ಎಂದರು. ‘ಕಾಂಗ್ಮಿ’ ಎಂದರೆ ಹಿಮದ ಮನುಷ್ಯ. ‘ಮೆತೋ’ ಎಂಬುದು ‘ಮೆತೆ’, ಅಂದರೆ ಮನುಷ್ಯ-ಕರಡಿ, ಎಂಬುದರ ಅಪಭ್ರಂಶವಿರಬೇಕು ಎನ್ನುತ್ತಾರೆ. ಕಲ್ಕತ್ತದ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಅದಕ್ಕೆ ‘ಹೊಲಸಾದ’ ಎಂಬ ಅರ್ಥ ಹಚ್ಚಿ, ‘ಅಬಾಮಿನಬಲ್ ಸ್ನೋಮ್ಯಾನ್’, ಎಂದರೆ ‘ಅಸಹ್ಯ ಹಿಮಮಾನವ’ ಎಂದು ಬರೆದುಬಿಟ್ಟರು. ಅಲ್ಲಿಗೆ ಕರಡಿ ಮರೆಯಾಯಿತು, ಮಾನವ ಉಳಿದ!

1951ರಲ್ಲಿ ಎರಿಕ್ ಶಿಪ್ಟನ್ ಮೆನ್‌ಲುಂಗ್ ಹಿಮನದಿಯ ಮೇಲೆ ಹಿಮಗೊಡಲಿಯನ್ನು ಪಕ್ಕದಲ್ಲಿಟ್ಟು ತೆಗೆದ ಹೆಜ್ಜೆಯ ಛಾಯಾಚಿತ್ರ ಜಗತ್ತಿನಾದ್ಯಂತ ಪ್ರಕಟವಾಯಿತು. ಹಿಮದ ಹೆಜ್ಜೆಯನ್ನು ನಂಬುವುದು ಕಷ್ಟ. ಬಿಸಿಲಿಗೆ ಅಂಚು ಕರಗಿ ಗುರುತು ಹಿಗ್ಗುತ್ತದೆ. ಕರಡಿ ನಡೆಯುವಾಗ ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದರೆ, ಎರಡೂ ಸೇರಿ ಎರಡು ಕಾಲಿನ ದೈತ್ಯನೊಬ್ಬ ನಡೆದುಹೋದಂತೆ ಕಾಣುತ್ತದೆ.

ಆದರೂ ಹುಡುಕಾಟ ನಿಲ್ಲಲಿಲ್ಲ. ಯೇತಿ ಶೋಧಕರು 5,000 ರೂಪಾಯಿ ಕಟ್ಟಿ ಪರವಾನಗಿ ಪಡೆಯಬೇಕು, ಆತ್ಮರಕ್ಷಣೆಗಲ್ಲದೆ ಅದನ್ನು ಕೊಲ್ಲಬಾರದು ಎಂಬ ನೇಪಾಳದ ನಿಯಮಗಳನ್ನು ಕಠ್ಮಂಡುವಿನ ಅಮೆರಿಕನ್ ರಾಯಭಾರ ಕಚೇರಿಯ 1959ರ ಟಿಪ್ಪಣಿಯೊಂದು ದಾಖಲಿಸಿದೆ. ಮರುವರ್ಷ ಎಡ್ಮಂಡ್ ಹಿಲರಿ ಖುಮ್‌ಜುಂಗ್ ಗ್ರಾಮದ ಬೌದ್ಧ ಮಂದಿರದಲ್ಲಿದ್ದ ‘ಯೇತಿಯ ನೆತ್ತಿ’ಯನ್ನು ಪರೀಕ್ಷೆಗಾಗಿ ಕೇಳಿದರು. ಆರು ವಾರಗಳೊಳಗೆ ಹಿಂದಿರುಗಿಸಬೇಕು, ಊರ ಹಿರಿಯರೊಬ್ಬರು ಜತೆಗಿರಬೇಕು ಎಂಬ ಷರತ್ತಿನ ಮೇಲೆ ಗ್ರಾಮಸ್ಥರು ಕೊಟ್ಟರು. ಅದು ಸೆರೋ ಎಂಬ, ಮೇಕೆಯನ್ನು ಹೋಲುವ ಕಾಡುಪ್ರಾಣಿಯ ಚರ್ಮದಿಂದ ಮಾಡಿದ್ದೆಂದು ತಜ್ಞರು ಹೇಳಿದರು. ಹಿಲರಿಗೆ ಯೇತಿ ಸಿಗಲಿಲ್ಲ. ಆದರೆ 1961ರಲ್ಲಿ ಖುಮ್‌ಜುಂಗ್‌ಗೆ ಅವರಿಂದ ಒಂದು ಶಾಲೆ ಸಿಕ್ಕಿತು.

1986ರಲ್ಲಿ ಟಿಬೆಟ್‌ನಲ್ಲಿ ಮುಸ್ಸಂಜೆಯ ಹೊತ್ತು ಅಂಥದೊಂದು ಪ್ರಾಣಿಗೆ ಎದುರಾದ ಖ್ಯಾತ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್ ಕೂಡ ವರ್ಷಗಟ್ಟಲೆ ಹುಡುಕಿ ಅದು ಕರಡಿಯೇ ಎಂದರು. 2017ರಲ್ಲಿ ಪ್ರಕಟವಾದ ಶಾರ್ಲಟ್ ಲಿಂಡ್‌ಕ್ವಿಸ್ಟ್ ತಂಡದ ಡಿಎನ್‌ಎ ಅಧ್ಯಯನ ಈ ಮಾತಿಗೆ ಪುಷ್ಟಿ ನೀಡಿತು. ಯೇತಿಯದೆನ್ನಲಾದ ಮೂಳೆ, ಹಲ್ಲು, ಚರ್ಮ, ಕೂದಲು ಮುಂತಾದ 9 ಮಾದರಿಗಳಲ್ಲಿ 8 ಕರಡಿಗಳವು, ಉಳಿದೊಂದು ನಾಯಿಯದು! 2019ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆ ಮಕಾಲು ಶಿಬಿರದ ಬಳಿ 32 ಅಂಗುಲ ಉದ್ದದ ಹೆಜ್ಜೆಗಳು ಕಂಡವೆಂದು ಪ್ರಕಟಿಸಿದಾಗಲೂ, ಸ್ಥಳೀಯರು ಅವು ಕರಡಿಯವೇ ಎಂದದ್ದಾಗಿ ವರದಿಯಾಯಿತು.

ಶೆರ್ಪಾಗಳಿಗೆ ಯೇತಿ ಬರಿಯ ಮೃಗವಲ್ಲ. ಅವರ ಕತೆಗಳಲ್ಲಿ ಅದು ಎತ್ತರದ ಕಾಡಿನ ಭಯವೂ ಹೌದು, ಎಚ್ಚರಿಕೆಯೂ ಹೌದು. ಅದನ್ನು ಡಿಎನ್‌ಎ ಪರೀಕ್ಷೆ ಅಳಿಸಲಾರದು. ಆದರೆ ಅಳಿದುಹೋಗುವ ಅಪಾಯ ಇರುವುದು ಕರಡಿಗೆ. ಜಾನುವಾರು ಕೊಲ್ಲುತ್ತದೆಂಬ ದನಗಾಹಿಗಳ ಸಿಟ್ಟಿಗೂ ಕಳ್ಳಬೇಟೆಗೂ ತುತ್ತಾಗಿ ಹಿಮಾಲಯದ ಕಂದು ಕರಡಿ ಇಂದು ವಿನಾಶದ ಅಂಚಿನಲ್ಲಿದೆ. ಇಲ್ಲದ ಮಾನವನನ್ನು ಹುಡುಕಲು ಸುರಿದ ಹಣದಲ್ಲಿ ಒಂದಿಷ್ಟಾದರೂ ಇರುವ ಕರಡಿಯ ರಕ್ಷಣೆಗೆ ಸಂದಿದ್ದರೆ, ಹಿಮದ ಮೇಲಿನ ಆ ಹೆಜ್ಜೆಗಳು ಮುಂದಿನ ಪೀಳಿಗೆಗೂ ಕಂಡಾವು.